ಧೋತರದ ಕ್ಲಾಸು, ಕನ್ನಡಕದ ಕ್ಲಾಸು

ಪಂದ್ಯ, ಪೈಪೋಟಿ ಇವೆಲ್ಲ ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲವೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಸ್ಕೂಟರು ಕೊಳ್ಳುವವರೆಗೆ ಈ ನಂಬಿಕೆಗೆ ಯಾವ ಧಕ್ಕೆಯೂ ಆಗಿರಲಿಲ್ಲ. ಆಮೇಲೆ ಒಂದು ದಿನ ಮಸ್ಕಿಯ ಮನೆಯಿಂದ ಲಿಂಗಸುಗೂರಿನ ಕಚೇರಿಗೆ ಹೋಗುತ್ತಿದ್ದಾಗ ಯಾರೋ ಅಪರಿಚಿತ ನನ್ನ ಪಕ್ಕದಲ್ಲೇ ಗಾಡಿ ಓಡಿಸಿಕೊಂಡು ಬಂದ. ಅವನು ನನ್ನನ್ನು ಓರೆಗಣ್ಣಿನಿಂದ ನೋಡಿದ. ನಾನು ನೋಡದವನಂತೆ ಅವನನ್ನು ನೋಡಿದೆ. ಇಬ್ಬರಿಗೂ ಯಾವ ಅವಸರವೂ ಇರಲಿಲ್ಲ. ನಾನಂತೂ ಸರ್ಕಾರಿ ಗುಮಾಸ್ತ. ಕಚೇರಿಗೆ ಬೇಗ ಹೋಗುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. ಆದರೂ ನನ್ನ ಬಲಗೈ ತಾನಾಗಿಯೇ ಹಿಡಿಯನ್ನು ತಿರುವಿತು. ಅವನದೂ ತಿರುವಿತು. ಲಿಂಗಸುಗೂರು ಮುಟ್ಟುವ ಹೊತ್ತಿಗೆ ನನ್ನ ಡಬ್ಬಿಯಲ್ಲಿದ್ದ ಬೇಳೆಸಾರು ಚೀಲಕ್ಕೆ ಇಳಿದು, ಚೀಲದಿಂದ ಪ್ಯಾಂಟಿಗೆ ಇಳಿದಿತ್ತು. ಆತ ಯಾರೋ, ಎಲ್ಲಿಗೆ ಹೋದನೋ ಇಂದಿಗೂ ಗೊತ್ತಿಲ್ಲ. ಇಬ್ಬರು ಒಂದೇ ದಿಕ್ಕಿಗೆ ಹೊರಟರೆ ಅವರ ತಲೆಯೊಳಗೆ ಏನಾಗುತ್ತದೆ ಎಂಬ ಕುತೂಹಲ ಮಾತ್ರ ಅವತ್ತು ನನಗೆ ಅಂಟಿಕೊಂಡಿತು.

ಆ ಸ್ಕೂಟರಿನ ವಿಷಯ ಸ್ವಲ್ಪ ಹೇಳಬೇಕು. ಆಗೆಲ್ಲ ಸ್ಕೂಟರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ನಾನು ಹೆಸರು ಬರೆಸಿದಾಗ ನನ್ನ ಜೊತೆಗೆ ಬಂದವನು ನನ್ನ ಹೆಂಡತಿ ಗಿರಿಜಾಳ ತಮ್ಮ ಶರಣಬಸವ. ಸಿಂಧನೂರಿನಲ್ಲಿ ಅವನದು ಗೊಬ್ಬರದ ಅಂಗಡಿ. ಸುಮ್ಮನೆ ಜೊತೆಗೆ ಬಂದವನು, "ಹೆಂಗೂ ಬಂದೀನಿ, ನಂದೂ ಒಂದ ಬರಸಿಬಿಡ್ರಿ ಮಾವಾರ" ಎಂದು ಹೆಸರು ಬರೆಸಿಬಿಟ್ಟ. ಹೀಗಾಗಿ ನಮ್ಮಿಬ್ಬರ ಗಾಡಿಗಳೂ ಒಂದೇ ವಾರದಲ್ಲಿ ಬಂದವು. ಎರಡೂ ಒಂದೇ ಕಂಪನಿಯವು, ಎರಡರದೂ ಆಕಾಶದ ಬಣ್ಣ. ನಮ್ಮ ಅತ್ತೆಯವರು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಒಂದೇ ತೆಂಗಿನಕಾಯಿಯ ಎರಡು ಹೋಳಿನಿಂದ ಪೂಜೆ ಮಾಡಿದರು. ಆಗ ನಾನು ಸಂತೋಷಪಟ್ಟಿದ್ದೆ. ಮುಂದಾಗುವುದು ಯಾರಿಗೆ ಗೊತ್ತಿತ್ತು?

ಮಸ್ಕಿಯ ಹತ್ತಿರದ ಸಂತೆಕಲ್ಲೂರಿನ ಹೊರಗೆ ಹಳೆಯ ರಸ್ತೆಯದೊಂದು ತುಂಡು ಉಳಿದುಕೊಂಡಿತ್ತು. ಬೇರೆ ರಸ್ತೆಯಾದ ಮೇಲೆ ಇದರ ಮೇಲೆ ಬಸ್ಸು ಓಡಾಡುತ್ತಿರಲಿಲ್ಲ. ಎರಡೂ ಕಡೆ ಎರೆಹೊಲ, ನಡುವೆ ಹಗ್ಗ ಎಳೆದಂತೆ ನೇರ ದಾರಿ. ಒಂದು ಜಾಲಿಗಿಡದಿಂದ ಶುರುವಾಗಿ, ಎದುರುಬದುರು ನಿಂತ ಎರಡು ಬೇವಿನಮರಗಳ ನಡುವೆ ಹಾದುಹೋಗುತ್ತಿತ್ತು. ಎಂಬತ್ತರ ದಶಕದ ಮೊದಲಲ್ಲಿ ಒಂದು ವರ್ಷ, ಕಾರಹುಣ್ಣಿಮೆಯ ಮರುದಿನ, ಮಸ್ಕಿ, ಲಿಂಗಸುಗೂರು, ಸಿಂಧನೂರು ಈ ಮೂರೂ ಊರಿನ ಕಡೆಯ ಕೆಲವು ಹುಮ್ಮಸ್ಸಿನವರು ಅಲ್ಲಿ ಸೇರಿ, ಯಾರ ಗಾಡಿ ಮುಂದೆ ಹೋಗುತ್ತದೆ ನೋಡಿಯೇಬಿಡೋಣ ಎಂದರು. ಹಿಂದಿನ ದಿನವಷ್ಟೇ ಊರಲ್ಲಿ ಎತ್ತು ಓಡಿಸಿ ಕರಿ ಹರಿದಿದ್ದರು. ನಮ್ಮ ಕಡೆ ಅದು ಗೊತ್ತಿದ್ದದ್ದೇ: ದಾರಿಗೆ ಅಡ್ಡಲಾಗಿ ಬೇವಿನ ತೊಪ್ಪಲು ಕಟ್ಟಿದ ಹಗ್ಗ, ಅಂದರೆ ಕರಿ, ಬಿಗಿಯುತ್ತಾರೆ, ಬಣ್ಣ ಹಚ್ಚಿದ ಎತ್ತುಗಳನ್ನು ಬಿಡುತ್ತಾರೆ, ಮೊದಲು ಹಗ್ಗ ಹರಿದ ಎತ್ತು ಬಿಳಿಯದಾದರೆ ಬಿಳಿಜೋಳ ಚೆನ್ನಾಗಿ ಬರುತ್ತದೆ. ಅದೇ ಹಗ್ಗವನ್ನು ಯಾರೋ ತಂದು ಈ ಎರಡು ಬೇವಿನಮರಗಳಿಗೆ ಕಟ್ಟಿದರು. ಸಂತೆಕಲ್ಲೂರಿನ ಹಿರಿಯ ಅಮರೇಗೌಡರು ಒಂದೇ ಒಂದು ಮಾತು ಹೇಳಿದರು: "ಕರಿ ಹರದಾಂವನss ಗೆದ್ದಾಂವ. ಅದಕ್ಕ ಮ್ಯಾಲೆ ತಕರಾರ ಇಲ್ಲ ನೋಡ್ರಪಾ."

ಆ ಮೊದಲ ವರ್ಷಗಳ ಗದ್ದಲವನ್ನು ಹೇಗೆ ಹೇಳಲಿ! ಬುಲೆಟ್ಟು, ಸಣ್ಣ ಮೋಟರ್‌ಸೈಕಲ್ಲು, ಸ್ಕೂಟರು, ಪೆಡಲ್ ತುಳಿದು ಚಾಲು ಮಾಡುವ ಮೊಪೆಡ್ಡು, ಹಾಲಿನ ಕ್ಯಾನು ಇಳಿಸಲು ಮರೆತು ಬಂದ ಹಾಲಿನವನ ಗಾಡಿ ಎಲ್ಲವೂ ಜಾಲಿಗಿಡದ ಕೆಳಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು. ಟವೆಲ್ ಬೀಸಿದೊಡನೆ ಧೂಳು ಎದ್ದರೆ, ಅದು ಇಳಿಯುವಷ್ಟರಲ್ಲಿ ಸಿಂಧನೂರಿನ ಕ್ಯಾಂಪಿನ ವೆಂಕಟರಾಯರು ಕರಿ ಹರಿದು, ಬುಲೆಟ್ಟಿಗೆ ಒರಗಿ ನಿಂತು ಶೇಂಗಾ ಸುಲಿಯುತ್ತಿರುತ್ತಿದ್ದರು. ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ಭತ್ತ ಬೆಳೆದ ಮನೆತನ ಅವರದು. ಆ ಸೀಮೆಯಲ್ಲೇ ದೊಡ್ಡ ಗಾಡಿ. ಪ್ರತಿವರ್ಷ ಅವರೇ ಗೆಲ್ಲುತ್ತಿದ್ದರು, ಪ್ರತಿವರ್ಷ ಸ್ಟೀಲಿನ ಕೊಡ ಅವರಿಗೇ ಹೋಗುತ್ತಿತ್ತು, ಪ್ರತಿವರ್ಷ ಸೋಲಲು ಇನ್ನಷ್ಟು ಜನ ಬರುತ್ತಿದ್ದರು. ಕೊನೆಗೆ ಬಂದ ಮೊಪೆಡ್ಡಿನವನಿಗೆ ಎಲ್ಲರಿಗಿಂತ ಜೋರಾಗಿ ಸಿಳ್ಳೆ. ಆಮೇಲೆ ಮರದ ಕೆಳಗೆ ಕೂತು, ಹಬ್ಬದಲ್ಲಿ ಉಳಿದ ಹೋಳಿಗೆ ತಿಂದು, "ಬುಲೆಟ್ಟಿನ ಮುಂದ ನಮ್ಮದೇನ ನಡೀತದ್ರಿ" ಎಂದು ಎದೆಯುಬ್ಬಿಸಿ ಹೇಳಿಕೊಂಡು ಎಲ್ಲರೂ ಮನೆಗೆ ಹೋಗುತ್ತಿದ್ದರು.

ಇಷ್ಟು ಸುಖವಾಗಿದ್ದ ವ್ಯವಹಾರದಲ್ಲಿ ನ್ಯಾಯ ಕಾಣುತ್ತಿಲ್ಲವಲ್ಲ ಎಂದು ಮೊದಲು ಕೇಳಿದವರು ಗುರುಗುಂಟಾದ ಹನುಮಗೌಡರು. ಅವರದು ಸಣ್ಣ ಮೋಟರ್‌ಸೈಕಲ್ಲು. "ಆನಿ ಜೋಡಿ ಆಡಿನ ಓಡಸಿದ್ರ ಅದು ಪಂದ್ಯ ಹೆಂಗಾಗತದ್ರಿ ಸಾಹೇಬ್ರ? ನೀವು ಕಚೇರಿಯಾಗ ಇದ್ದೋರು, ಒಂದ ಕಾಯ್ದೆ ಮಾಡ್ರಲ್ಲ" ಎಂದರು. ಕಚೇರಿಯಲ್ಲಿ ನನ್ನನ್ನು ಸಾಹೇಬರೆಂದು ಕರೆಯುವವರು ಯಾರೂ ಇರಲಿಲ್ಲ. ಅಲ್ಲಿ ನಾನು ಬೇರೆಯವರು ಮಾಡಿದ ಕಾಯ್ದೆಯ ಕೆಳಗೆ ಸಹಿ ಮಾಡಿಸುವವನು. ಸ್ವತಃ ಕಾಯ್ದೆ ಮಾಡುವ ಅವಕಾಶ ಜೀವನದಲ್ಲಿ ಒಮ್ಮೆ ಕಾಲಿಗೆ ತೊಡರಿದರೆ ಯಾವ ಗುಮಾಸ್ತ ಬಿಡುತ್ತಾನೆ? ಬೇವಿನಮರದ ಕೆಳಗಿನ ಕಲ್ಲು ಹತ್ತಿ ನಿಂತು, ಮುಂದಿನ ವರ್ಷದಿಂದ ದೊಡ್ಡ ಗಾಡಿಗೊಂದು ಕ್ಲಾಸು, ಸಣ್ಣ ಗಾಡಿಗೊಂದು, ಸ್ಕೂಟರಿಗೊಂದು, ಮೊಪೆಡ್ಡಿಗೊಂದು ಎಂದು ಸಾರಿಬಿಟ್ಟೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಕೇಳಿದ ಮೇಲೆ ನನಗೆ ಕೆಲವು ದಿನ ಕಚೇರಿಯ ಕುರ್ಚಿ ಬಹಳ ಗಿಡ್ಡ ಅನ್ನಿಸಿತು.

ಕಾಯ್ದೆಯ ಗುಣವೆಂದರೆ ಅದು ಒಂಟಿಯಾಗಿ ಇರುವುದಿಲ್ಲ. ಮರುವರ್ಷ ಸಣ್ಣ ಗಾಡಿಯ ಕ್ಲಾಸಿನಲ್ಲಿ ಸೋತ ಒಬ್ಬರು, ಗೆದ್ದವನು ಕಡ್ಡಿಯಂತಿದ್ದಾನೆ, ತಾವು ತುಂಬಿದ ಮನೆತನದವರು, ಇದು ಯಾವ ನ್ಯಾಯ ಎಂದರು. ಅದೂ ಸರಿಯೇ. ಹತ್ತಿಯ ಮೂಟೆ ತೂಗುವ ಕಾಟಾ ತರಿಸಿ, ಸವಾರರನ್ನು ಒಬ್ಬೊಬ್ಬರನ್ನಾಗಿ ಅದರ ಮೇಲೆ ಹತ್ತಿಸಿ, ಭಾರದವರು, ಹಗುರದವರು ಎಂದು ಎರಡು ಮಾಡಿದೆ. ಹಬ್ಬದ ಮರುದಿನವಾದ್ದರಿಂದ ಅರ್ಧ ಜನ ಭಾರದ ಕ್ಲಾಸಿಗೇ ಬಂದರು. ಇದು ದೇಹದ ತೂಕವಲ್ಲ, ಹೋಳಿಗೆಯ ತೂಕವೆಂದು ಅರ್ಧ ತಾಸು ಜಗಳವಾಯಿತು. ಆಮೇಲೆ ಸೈಲೆನ್ಸರ್ ಬಿಚ್ಚಿದವರು, ಬಿಚ್ಚದವರು. ಅದರ ಮರುವರ್ಷ ಸಾಲಗುಂದಾದ ಮುದುಕಪ್ಪನವರು ಎದ್ದು ನಿಂತು, "ನಾವು ಧೋತರದವ್ರು. ಮುಂಗಾರಿ ಗಾಳಿ ಧೋತರದಾಗ ಹೊಕ್ಕು ಗಾಡೀನ ಹಿಂದಕ್ಕ ಜಗ್ಗತದ. ಪ್ಯಾಂಟಿನವ್ರ ಜೋಡಿ ನಮ್ಮನ್ನ ಓಡಿಸೋದು ಅನ್ಯಾಯ" ಎಂದರು. ಅವರು ಎದ್ದು ನಿಂತಾಗ ಧೋತರ ಪಟಪಟ ಹೊಡೆದುಕೊಳ್ಳುತ್ತಿದ್ದುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರಿಂದ ಇಲ್ಲವೆನ್ನುವ ಹಾಗಿರಲಿಲ್ಲ. ಧೋತರದ ಕ್ಲಾಸು ಹುಟ್ಟಿತು. ಆ ಕ್ಲಾಸಿನಲ್ಲಿ ಜನ ಕಡಿಮೆ, ಗೆಲ್ಲುವುದು ಸುಲಭ ಎಂದು ಗೊತ್ತಾದದ್ದೇ ತಡ, ಹುಟ್ಟಿದಾಗಿನಿಂದ ಪ್ಯಾಂಟು ಬಿಡದವರೂ ಮರುವರ್ಷ ಅಪ್ಪಂದಿರ ಧೋತರ ಉಟ್ಟು ಬಂದರು. ಒಬ್ಬನ ಧೋತರ ನಡುದಾರಿಯಲ್ಲಿ ಜಾಲಿಕಂಟಿಗೆ ಸಿಕ್ಕಿತು. ಧೋತರ ಕಂಟಿಯ ಹತ್ತಿರ ಉಳಿಯಿತು, ಅವನು ಕರಿಯ ಹತ್ತಿರ ಹೋದ. ಅವನು ಈಗ ಯಾವ ಕ್ಲಾಸಿನವನು ಎಂದು ತೀರ್ಮಾನಿಸಲು ಎಲ್ಲರೂ ನನ್ನ ಮುಖ ನೋಡಿದರು. ನಾನು ಬೇರೆಲ್ಲೋ ನೋಡಿದೆ.

ಇವುಗಳ ನಡುವೆ ಸ್ಕೂಟರಿನ ಕ್ಲಾಸೂ ನಡೆಯುತ್ತಿತ್ತು. ಅದರಲ್ಲಿ ಮುಖ್ಯವಾಗಿ ಇಬ್ಬರು: ನಾನು ಮತ್ತು ಶರಣಬಸವ. ಎಲ್ಲರೂ ಒಟ್ಟಿಗೆ ಓಡುತ್ತಿದ್ದಾಗ ಅವನು ನನ್ನ ಮುಂದಿದ್ದನೋ ಹಿಂದಿದ್ದನೋ ಧೂಳಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ನಾವಿಬ್ಬರೂ ವೆಂಕಟರಾಯರಿಗೆ ಸೋತವರು, ಅಷ್ಟೇ. ಈಗ ನಾನೇ ಮಾಡಿದ ಕಾಯ್ದೆಯ ಪ್ರಕಾರ ನಾವಿಬ್ಬರೇ ಬೇರೆಯಾಗಿ, ಎಲ್ಲರ ಕಣ್ಣೆದುರು, ನಿಚ್ಚಳ ಬೆಳಕಿನಲ್ಲಿ ಓಡಬೇಕಾಯಿತು. ಒಂದೇ ಕಂಪನಿ, ಒಂದೇ ಬಣ್ಣ, ಒಂದೇ ತೆಂಗಿನಕಾಯಿಯ ಪೂಜೆ. ಕಾಟಾದ ಮೇಲೂ ಇಬ್ಬರೂ ಹೆಚ್ಚುಕಡಿಮೆ ಸಮ. ಅವನು ಗೆದ್ದ. ಸಂಜೆ ಅಕ್ಕನ ಮನೆಗೆ ಬಂದು ಗೆದ್ದ ಸ್ಟೀಲಿನ ತಂಬಿಗೆಯನ್ನು ಅವಳ ಕೈಗೇ ಕೊಟ್ಟ. "ಅಂವ ಸಣ್ಣಾಂವ ಇದ್ದಾಗಿಂದನೂ ಹಂಗss ಅದಾನ್ರಿ, ಭಾಳ ಚುರುಕು" ಎಂದು ಗಿರಿಜಾ ಶಾವಿಗೆ ಪಾಯಸ ಮಾಡಿದಳು. ನನಗೂ ಬಡಿಸಿದಳು, ಅನ್ಯಾಯ ಹೇಳಬಾರದು. ಮರುದಿನದಿಂದ ನಾನು ಆ ತಂಬಿಗೆಯಲ್ಲೇ ನೀರು ಕುಡಿಯಬೇಕಾಯಿತು. ಅದರ ಮುಂದಿನ ವರ್ಷ, ಕನ್ನಡಕ ಹಾಕುವವರಿಗೆ ಧೂಳಿನಲ್ಲಿ ದಾರಿ ಕಾಣದಿರುವುದರಿಂದ ಅವರಿಗೆ ಪ್ರತ್ಯೇಕ ಕ್ಲಾಸು ಇರಬೇಕೆಂಬ ಕಾಯ್ದೆಯನ್ನು ಸಾರಿದೆ. ಸಾರ್ವಜನಿಕ ಹಿತದೃಷ್ಟಿಯಿಂದಲೇ ಸಾರಿದೆ. ಸ್ಕೂಟರು ಓಡಿಸುವ ಕನ್ನಡಕದವನು ನಾನೊಬ್ಬನೇ ಎಂಬುದು ಆಮೇಲೆ ಗಮನಕ್ಕೆ ಬಂತು.

ಇಷ್ಟೆಲ್ಲ ನ್ಯಾಯ ಸ್ಥಾಪಿಸಿದ ಮೇಲೆ ಪಂದ್ಯ ಬೆಳೆಯಬೇಕಿತ್ತಲ್ಲ? ಅದು ವರ್ಷದಿಂದ ವರ್ಷಕ್ಕೆ ಸೊರಗತೊಡಗಿತು. ಕ್ಲಾಸು ಹೆಚ್ಚಾದಂತೆ ಬಹುಮಾನ ಹಂಚಿಹೋಗಿ, ಕೊಡ ತಂಬಿಗೆಯಾಯಿತು, ತಂಬಿಗೆ ಲೋಟವಾಯಿತು, ಲೋಟ ಚಮಚವಾಯಿತು. ಪ್ರತಿ ಕ್ಲಾಸಿಗೂ ಹಗ್ಗ ಮತ್ತೆ ಕಟ್ಟಿ ಕಟ್ಟಿ, ಬೇವಿನ ಎಲೆಯೆಲ್ಲ ಉದುರಿ, ಕೊನೆಯ ಕ್ಲಾಸಿನವರು ಬರೀ ಗಂಟುಗಂಟಾದ ಹಗ್ಗ ಹರಿಯುತ್ತಿದ್ದರು. ತೊಂಬತ್ತರ ದಶಕ ಕಾಲಿಡುವ ಹೊತ್ತಿಗೆ ಕ್ಲಾಸಿಗೊಬ್ಬನಂತೆ ಸವಾರರು ಉಳಿದಿದ್ದರು. ಒಬ್ಬನೇ ಹೋಗುತ್ತಾನೆ, ಒಬ್ಬನೇ ಹರಿಯುತ್ತಾನೆ, ಚಮಚ ಜೇಬಿಗಿಟ್ಟು ತಿರುಗಿ ನೋಡದೆ ಮನೆಗೆ ಹೋಗುತ್ತಾನೆ. ಅಮರೇಗೌಡರು ಒಂದು ದಿನ ನನ್ನನ್ನು ಕರೆದು, "ಬರೋ ವರ್ಷನೂ ಹಿಂಗss ಆದ್ರ ನಮ್ಮ ಹುಡುಗ್ರು ಹಗ್ಗ ಕಟ್ಟಂಗಿಲ್ರೀ ಸಾಹೇಬ್ರ. ಅವ್ರಿಗೂ ಬ್ಯಾಸರ ಬಂದೈತಿ" ಎಂದರು. ನನಗೆ ನಿಜವಾಗಿಯೂ ದುಃಖವಾಯಿತು. ವರ್ಷದಲ್ಲಿ ಒಂದು ದಿನ ನಾನು ಯಾರೋ ಒಬ್ಬನಾಗಿರುತ್ತಿದ್ದುದು ಅಲ್ಲಿ ಮಾತ್ರ. ಜೊತೆಗೆ ಹಳೆಯ ಕುತೂಹಲವೂ ಕೆರಳಿತು. ಅನ್ಯಾಯವಿದ್ದಾಗ ಮುಗಿಬೀಳುತ್ತಿದ್ದ ಜನ ನ್ಯಾಯ ಬಂದ ಮೇಲೆ ಓಡಿಹೋದರು ಅಂದರೆ ಏನರ್ಥ?

ಭಾನುವಾರಗಳಂದು ಸ್ಕೂಟರು ಹತ್ತಿ ವಿಚಾರಣೆಗೆ ಹೊರಟೆ. ವೆಂಕಟರಾಯರು ಕ್ಯಾಂಪಿನ ಮನೆಯಲ್ಲಿ ಒಳ್ಳೆಯ ಕಾಫಿ ಕೊಟ್ಟು, "ಏಮಂಡಿ, ಒಬ್ಬನೇ ಓಡಿ ಗೆಲ್ಲಾಕ ಅಷ್ಟು ದೂರ ಯಾಕ ಬರಬೇಕು? ನಮ್ಮ ಗದ್ದಿ ಬದುವಿನ ಮ್ಯಾಲೆ ದಿನಾ ಗೆಲ್ತೀನಿ ನಾನು" ಎಂದು ನಕ್ಕರು. ಸಾಲಗುಂದಾದ ಮುದುಕಪ್ಪನವರು ಧೋತರ ಕೊಡವಿಕೊಂಡು, ಪ್ಯಾಂಟಿನವರು ತಮ್ಮ ಕ್ಲಾಸನ್ನು ಕೆಡಿಸಿದರೆಂದು ಬೈದು ಕಳಿಸಿದರು. ಗುರುಗುಂಟಾದಲ್ಲಿ ಹನುಮಗೌಡರು ಗಾಡಿ ಕೆಟ್ಟಿದೆ ಎಂದರು. ಗಾಡಿ ಅವರ ಹಿಂದೆಯೇ ಅಂಗಳದಲ್ಲಿ ತೊಳೆಸಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ನಾನು ಅದನ್ನು ನೋಡಿದೆ, ಅವರು ನಾನು ನೋಡಿದ್ದನ್ನು ನೋಡಿದರು, ಹೊಲದಲ್ಲಿ ಕೆಲಸವಿದೆಯೆಂದು ಎದ್ದು ಹೋದರು. ಅವರು ಅತ್ತ ಹೋಗುವುದನ್ನೇ ಕಾಯುತ್ತಿದ್ದವರಂತೆ ಅವರ ಹೆಂಡತಿ ಬಾಗಿಲಿಗೆ ಬಂದು ಬಾಯಿಗೆ ಸೆರಗು ಹಿಡಿದು ನಕ್ಕರು.

"ಗಾಡಿಗೇನ ಆಗಿಲ್ರೀ ಅಣ್ಣಾರ, ಇವ್ರಿಗss ಆಗೈತಿ. ಮೊದ್ಲ ಬುಲೆಟ್ಟಿಗೆ ಸೋತು ಬರ್ತಿದ್ರು, ಅದನ್ನ ಹಾಡಿ ಹಾಡಿ ಹೇಳ್ತಿದ್ರು, ಎರಡು ರೊಟ್ಟಿ ಜಾಸ್ತಿ ಉಣತಿದ್ರು. ನೀವು ಅದೇನೋ ಕ್ಲಾಸ್ ಅಂತ ಮಾಡಿದ್ರಿ. ಇವ್ರಂಥದss ಗಾಡಿ, ಇವ್ರಷ್ಟss ಭಾರ, ನಮ್ಮ ಮೈದುನನ ಕೂಡ ಓಡಿ ಸೋತ್ರು. ಅವತ್ತಿಂದ ತಮ್ಮನ ಮನಿ ಮುಂದ ಹಾಯಂಗಿಲ್ಲ. ಹೊಲ ಇಲ್ಲೇ ಐತಿ, ಊರೆಲ್ಲ ಸುತ್ತಾಕಿ ಹೋಗಾಕತ್ಯಾರ ನೋಡ್ರಿ, ಬೇಕಾದ್ರ."

ನೋಡಿದೆ. ಎದುರಿಗೇ ಕಾಣುವ ಹೊಲಕ್ಕೆ ಹನುಮಗೌಡರು ಬಸ್ ನಿಲ್ದಾಣದ ಕಡೆಯಿಂದ ಹೊರಟಿದ್ದರು. ಎಲ್ಲ ಒಮ್ಮೆಲೇ ತಿಳಿಯಿತು. ಆನೆಗೆ ಸೋತ ಆಡು ಮನೆಗೆ ಬಂದು ಆನೆಯ ವರ್ಣನೆ ಮಾಡುತ್ತದೆ. ಆಡಿಗೆ ಸೋತ ಆಡು ಏನು ಹೇಳಬೇಕು? ನಾನು ಎಲ್ಲರಿಗೂ ನ್ಯಾಯ ಕೊಡುವ ಭರದಲ್ಲಿ ಒಬ್ಬೊಬ್ಬರ ನೆಪವನ್ನೂ ಕಿತ್ತುಕೊಂಡಿದ್ದೆ. ಗಾಡಿ ಸಣ್ಣದು ಎನ್ನುವಂತಿಲ್ಲ, ಮೈ ಭಾರ ಎನ್ನುವಂತಿಲ್ಲ, ಗಾಳಿ ಹಿಡಿಯಿತು ಎನ್ನುವಂತಿಲ್ಲ. ಹೊಸದೊಂದು ನೆಪ ಹುಡುಕಿ ಬಂದವನಿಗೆ ಅದನ್ನೂ ಕ್ಲಾಸು ಮಾಡಿಕೊಟ್ಟೆ. ಈ ಜ್ಞಾನೋದಯದ ಸಂತೋಷದಲ್ಲಿ ಸ್ಕೂಟರು ಚಾಲು ಮಾಡಿ ಕನ್ನಡಕ ಸರಿಪಡಿಸಿಕೊಂಡೆ. ಆ ಕನ್ನಡಕ ಕೈಗೆ ತಾಕಿದೊಡನೆ ಸಂತೋಷ ಸ್ವಲ್ಪ ಇಳಿಯಿತು.

ಕಾರಹುಣ್ಣಿಮೆಗೆ ಮುಂಚೆ ಮೂರೂ ಊರಿನ ಕಡೆಗೆ ಹೇಳಿಕಳಿಸಿದೆ: ಈ ವರ್ಷ ಯಾವ ಕ್ಲಾಸೂ ಇಲ್ಲ, ಕಾಟಾ ಇಲ್ಲ, ಕನ್ನಡಕವೂ ಇಲ್ಲ, ಎಲ್ಲರೂ ಒಟ್ಟಿಗೆ, ಕರಿ ಹರಿದವನೇ ಗೆದ್ದಂತೆ. ಜನರೇನೋ ಬಂದರು. ಆದರೆ ಗಾಡಿಗಳನ್ನು ಹೊಲದ ಬದುವಿನ ಮೇಲೆ ದೂರ ನಿಲ್ಲಿಸಿ, ಕೈಕಟ್ಟಿಕೊಂಡು ನೋಡುತ್ತ ನಿಂತರು. ಹನುಮಗೌಡರು ಒಂದು ಕಡೆ, ಅವರ ತಮ್ಮ ಇನ್ನೊಂದು ಕಡೆ. ವೆಂಕಟರಾಯರು ಶೇಂಗಾ ತಂದಿದ್ದರು, ಗಾಡಿಯಿಂದ ಇಳಿಯಲಿಲ್ಲ. ಮೊದಲು ಯಾರಾದರೂ ಓಡಲಿ, ಆಮೇಲೆ ನೋಡೋಣ ಎಂಬ ಧಾಟಿ. ಜಾಲಿಗಿಡದ ಕೆಳಗೆ ಬಂದು ನಿಂತದ್ದು ಎರಡೇ ಗಾಡಿ. ಎರಡೂ ಆಕಾಶದ ಬಣ್ಣದವು.

"ಮಾವಾರ, ಬಿಡ್ರಿ, ನಾವಿಬ್ರss ಏನ ಓಡೋದು" ಎಂದ ಶರಣಬಸವ. ಅವನ ದನಿಯಲ್ಲೂ ಅಳುಕಿದ್ದುದು ಕಂಡು ನನಗೆ ಆಶ್ಚರ್ಯವಾಯಿತು. ಯೋಚಿಸಿದರೆ, ನನಗಾದರೂ ಸೋತು ರೂಢಿಯಿತ್ತು. ಅವನು ಅಕ್ಕನ ಎದುರು ಒಮ್ಮೆಯೂ ಸೋತವನಲ್ಲ. ಬೇವಿನಮರದ ಹತ್ತಿರ ಅಮರೇಗೌಡರು ಹಗ್ಗಕ್ಕೆ ಹೊಸ ತೊಪ್ಪಲು ಕಟ್ಟಿಸಿ ಕಾಯುತ್ತಿದ್ದರು. ನಾವು ಓಡದಿದ್ದರೆ ಅದು ಅವರು ಕಟ್ಟಿಸುವ ಕೊನೆಯ ಹಗ್ಗ. "ಓಡೋಣು" ಎಂದೆ. ಯಾರೋ ಟವೆಲ್ ಬೀಸಿದರು.

ಅರ್ಧ ದಾರಿಯವರೆಗೆ ಇಬ್ಬರೂ ಕೂಡಿಸಿ ಹೊಲಿದಂತೆ ಒಟ್ಟಿಗೇ ಹೋದೆವು. ಅವನು ನನ್ನನ್ನು ಓರೆಗಣ್ಣಿನಿಂದ ನೋಡಿದ, ನಾನು ನೋಡದವನಂತೆ ನೋಡಿದೆ. ಅಷ್ಟರಲ್ಲಿ ಎಡಗಡೆಯ ಹೊಲದಿಂದ ಏನೋ ಬೆಳ್ಳಗಿನದು ನೆಗೆದು ರಸ್ತೆಗೆ ಬಿತ್ತು. ಎತ್ತು! ಕೋಡಿಗೆ ಗುಲಾಬಿ ಬಣ್ಣ, ಕೊರಳಲ್ಲಿ ಹಿಂದಿನ ದಿನದ ಬಾಡಿದ ಹೂಮಾಲೆ, ಹರಿದ ಮೂಗುದಾರ. ನಮ್ಮ ಗಾಡಿಗಳ ಸದ್ದಿಗೆ ಬೆದರಿ, ಬಾಲವೆತ್ತಿ, ನಮ್ಮ ಮುಂದೆ ಮುಂದೆಯೇ ಓಡತೊಡಗಿತು. ಅದರ ಹಿಂದೆ ಕೂಗುತ್ತ ಅದರ ಯಜಮಾನ. ಎತ್ತಿನ ಕಾಲಿನ ಧೂಳು ನನ್ನ ಕನ್ನಡಕಕ್ಕೆ ರಪರಪ ಬಡಿಯುತ್ತಿತ್ತು. ಬೇವಿನ ತೊಪ್ಪಲು ಕಂಡದ್ದೇ ಆ ಎತ್ತಿಗೆ ತನ್ನ ಕುಲದ ನೆನಪಾಯಿತೋ ಏನೋ, ತಲೆ ತಗ್ಗಿಸಿ ನುಗ್ಗಿ, ಕರಿ ಹರಿದು, ಕೋಡಿಗೆ ತೊಪ್ಪಲು ಸುತ್ತಿಕೊಂಡು ಆಚೆ ಹೋಗಿ ನಿಂತಿತು.

ಜನರಿಂದ ಎದ್ದ ಕೂಗು ಮಸ್ಕಿಯವರೆಗೂ ಕೇಳಿಸಿರಬೇಕು. ಏದುಸಿರು ಬಿಡುತ್ತ ಬಂದ ಯಜಮಾನ, "ನಿನ್ನಿ ಊರಾಗ ಹತ್ತ ಮಂದಿ ನೂಕಿದ್ರೂ ಹೆಜ್ಜಿ ಕಿತ್ತಿಡಲಿಲ್ಲ ಈ ಭಾಡ್ಯಾ! ಇವತ್ತ ನೋಡ್ರಿ!" ಎಂದು ಅದರ ಬೆನ್ನು ಚಪ್ಪರಿಸಿದ. ಯಾರು ಗೆದ್ದದ್ದು ಎಂಬ ಪ್ರಶ್ನೆ ಎದ್ದಾಗ ಅಮರೇಗೌಡರು ಗಂಟಲು ಸರಿಮಾಡಿಕೊಂಡರು. "ಕರಿ ಹರದಾಂವನss ಗೆದ್ದಾಂವ. ಎತ್ತು ಗೆದ್ದೈತಿ. ಬಿಳೇ ಎತ್ತು. ಈ ವರ್ಷ ಬಿಳಿಜ್ವಾಳ ತಡಕೊಳ್ಳಾಕ ಆಗಂಗಿಲ್ಲ." ಚಮಚವನ್ನು ಎತ್ತಿನ ಯಜಮಾನನಿಗೆ ಕೊಟ್ಟರು. ಶರಣಬಸವ ನನ್ನ ಭುಜ ಹಿಡಿದುಕೊಂಡು ನಗುತ್ತಿದ್ದ. "ಎತ್ತಿನ ಮುಂದ ನಮ್ಮದೇನ ನಡೀತದ ಮಾವಾರ!" ಎಷ್ಟೋ ವರ್ಷದ ಮೇಲೆ ಅವನ ನಗು ನನಗೆ ಇಷ್ಟವಾಯಿತು. ಸೋಲು ಅಷ್ಟು ಹಗುರವಾಗಿರುತ್ತದೆಂಬುದು ನನಗೂ ಮರೆತುಹೋಗಿತ್ತು.

ಅಷ್ಟರಲ್ಲಿ ಬದುವಿನ ಕಡೆಯಿಂದ ಗುಡುಗುಡು ಸದ್ದು. ವೆಂಕಟರಾಯರು ಬುಲೆಟ್ಟು ಇಳಿಸಿಕೊಂಡು ಬರುತ್ತಿದ್ದರು. "ಆ ಎತ್ತನ್ನ ಸಾಲಿನಾಗ ನಿಲ್ಲಸ್ರಿ, ನಾನೂ ಒಂದ ಕೈ ನೋಡ್ತೀನಿ" ಎಂದರು. ಅವರ ಹಿಂದೆ ಹನುಮಗೌಡರು, ಅವರ ಹಿಂದೆ ತಮ್ಮ, ಧೋತರ ಮೇಲಕ್ಕೆ ಕಟ್ಟಿಕೊಂಡ ಮುದುಕಪ್ಪನವರು, ಮೊಪೆಡ್ಡಿನವರು. ಹುಡುಗರು ಹಗ್ಗಕ್ಕೆ ಹೊಸ ಗಂಟು ಹಾಕಿದರು. ಎತ್ತು ಮಾತ್ರ ಎಷ್ಟು ನೂಕಿದರೂ ಮತ್ತೆ ಓಡಲಿಲ್ಲ, ಕಾಯ್ದೆ ಗೊತ್ತಿದ್ದ ಪ್ರಾಣಿಯಂತೆ ದಾರಿಯ ಪಕ್ಕ ನಿಂತು ಎಲ್ಲರನ್ನೂ ನೋಡಿತು. ಸಂಜೆಯವರೆಗೆ ಧೂಳು ಇಳಿಯಲಿಲ್ಲ. ಯಾರು ಯಾರಿಗೆ ಸೋತರೋ ದೇವರಿಗೇ ಗೊತ್ತು. ಹನುಮಗೌಡರು ಮತ್ತು ಅವರ ತಮ್ಮ ಒಂದೇ ಎಲೆಯಲ್ಲಿ ಹೋಳಿಗೆ ತಿನ್ನುತ್ತಿದ್ದುದನ್ನು ಮಾತ್ರ ನಾನು ಕಂಡೆ. ಹೊರಡುವಾಗ ಎತ್ತಿನ ಯಜಮಾನ ನನ್ನನ್ನು ಪಕ್ಕಕ್ಕೆ ಕರೆದು, ಬರುವ ವರ್ಷ ಎತ್ತುಗಳಿಗೊಂದು ಬೇರೆ ಕ್ಲಾಸು ಮಾಡಲು ಬರುತ್ತದೆಯೇ ಎಂದು ಕೇಳಿದ. ನಾನು ಅವನಿಗೆ ಕೈಮುಗಿದು ಸ್ಕೂಟರು ಹತ್ತಿದೆ.

ಶರಣಬಸವನೂ ನನ್ನ ಜೊತೆಗೇ ಮಸ್ಕಿಯ ಮನೆಗೆ ಊಟಕ್ಕೆ ಬಂದ. ದಾರಿಯುದ್ದಕ್ಕೂ ಇಬ್ಬರೂ ಅಕ್ಕಪಕ್ಕ, ನಿಧಾನವಾಗಿ ಬಂದೆವು. ತಾಟಿನ ಮುಂದೆ ಕೂತು ಎತ್ತಿನ ಕಥೆಯನ್ನು ಇಬ್ಬರೂ ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಂಡು ಹೇಳಿದೆವು. ಎತ್ತು ಹೇಳಹೇಳುತ್ತ ಎತ್ತರವಾಯಿತು, ಅದರ ಕೋಡು ಮಾರುದ್ದವಾಯಿತು, ಬುಲೆಟ್ಟೂ ಅದರ ಹತ್ತಿರ ಸುಳಿಯುತ್ತಿರಲಿಲ್ಲವೆಂದು ಶರಣಬಸವ ಆಣೆ ಮಾಡಿದ. ಗಿರಿಜಾ ನಗುತ್ತ ನಗುತ್ತ ರೊಟ್ಟಿ ಹಾಕಿದಳು. ಆಮೇಲೆ ಬುಟ್ಟಿಯನ್ನು ಕೆಳಗಿಟ್ಟು, ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ ಕೇಳಿದಳು:

"ಎತ್ತು ಮೊದಲ ಬಂತು, ಖರೆ. ಎರಡನೇದವ್ರು ಯಾರು?"

ಶರಣಬಸವ ತಾಟಿನಲ್ಲಿದ್ದ ಮೆಣಸಿನಕಾಯಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದ. ನಾನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದೆ. ಧೂಳು ಬಹಳ ಕೂತಿತ್ತು, ಒರೆಸಿದಷ್ಟೂ ಹೋಗಲಿಲ್ಲ. ಕನ್ನಡಕದವರಿಗೆ ಬೇರೆ ಕ್ಲಾಸು ಇರಬೇಕೆಂದು ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಮತ್ತೆ ಅನ್ನಿಸತೊಡಗಿತು.